ಕನ್ನಡಿ ಎಷ್ಟು ಬಾಗಿತು? ಬೆಳಕಿನಿಂದ ಅಳೆಯುವ ದಾರಿಗಳಲ್ಲಿ ನಿಮಗೆ ಯಾವುದು ಸರಿ

ಹೊಳೆಯುವ ಮೇಲ್ಮೈ ಬಾಗಿದ್ದನ್ನು ಹೇಗೆ ಅಳೆಯೋದು ಅಂತ ಕೇಳುವವರು ನಮ್ಮ ಕಡೆ ಮೂರು ಥರದವರು. ಮೈಸೂರಿನಲ್ಲಿ ಮನೆಯಲ್ಲೇ ದೂರದರ್ಶಕದ ಕನ್ನಡಿ ಉಜ್ಜುವವರು ಒಂದು ಕಡೆ. ಮಂಡ್ಯ, ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸೋಲಾರ್ ಡಿಶ್ ಪ್ರಾಜೆಕ್ಟ್ ಹಿಡಿದಿರುವ ಹುಡುಗ ಹುಡುಗಿಯರು ಇನ್ನೊಂದು ಕಡೆ. ಹೆಬ್ಬಾಳ, ಹೂಟಗಳ್ಳಿ, ತೂಬಿನಕೆರೆ ಕೈಗಾರಿಕಾ ಪ್ರದೇಶಗಳಲ್ಲಿ ಪಾಲಿಶ್ ಮಾಡಿದ ಸ್ಟೀಲ್ ತಗಡು, ಮೋಲ್ಡ್ ಮಾಡುವ ಸಣ್ಣ ವರ್ಕ್‌ಶಾಪ್‌ನವರು ಮೂರನೆಯವರು. ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ. ಬಿಸಿ ತಗುಲಿದಾಗ, ತೂಕ ಬಿದ್ದಾಗ, ಸ್ಕ್ರೂ ಬಿಗಿ ಮಾಡಿದಾಗ ಈ ಮೇಲ್ಮೈ ಎಷ್ಟು ಬದಲಾಗುತ್ತೆ? ಅದನ್ನು ನೋಡಲು ಯಾವುದಕ್ಕೆ ದುಡ್ಡು ಹಾಕೋದು?

ಮಾಮೂಲಿ ತ್ರೀಡಿ ಸ್ಕ್ಯಾನರ್ ಇಲ್ಲಿ ಕೈಕೊಡುತ್ತದೆ. ಅದು ಬೆಳಕಿನ ಗೆರೆಯನ್ನು ವಸ್ತುವಿನ ಮೇಲೆ ಬಿಟ್ಟು, ಎಲ್ಲಾ ಕಡೆ ಚೆದುರಿ ಬರುವ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿಯುತ್ತದೆ. ಕನ್ನಡಿ ಬೆಳಕನ್ನು ಚೆದುರಿಸುವುದಿಲ್ಲ, ಒಂದೇ ದಿಕ್ಕಿಗೆ ಎಸೆಯುತ್ತದೆ. ಹಾಗಾಗಿ ಕ್ಯಾಮೆರಾಗೆ ಗೆರೆಯೇ ಕಾಣುವುದಿಲ್ಲ. ಲೇಸರ್ ಬೆಳಕು ಚೆದುರಿ ಮೂಡುವ ಚುಕ್ಕೆಗಳನ್ನು ನೋಡುವ, ಒರಟು ಮೇಲ್ಮೈಗೆ ಚೆನ್ನಾಗಿ ಕೆಲಸ ಮಾಡುವ ಸ್ಪೆಕಲ್ ವಿಧಾನಗಳದ್ದೂ ಇದೇ ಕಥೆ.

ಹೋಲಿಕೆಗೆ ಮುಂಚೆ ಒಂದು ಮಾತು. ಕನ್ನಡಿಯ ಆಕಾರ ಏನು ಅನ್ನೋದು ಒಂದು ಪ್ರಶ್ನೆ. ಆಕಾರ ಎಷ್ಟು ಬದಲಾಯಿತು ಅನ್ನೋದು ಬೇರೆಯೇ ಪ್ರಶ್ನೆ. ಎರಡನೆಯದು ತುಂಬಾ ಸುಲಭ. ಮೊದಲೊಂದು ಸಲ, ಆಮೇಲೊಂದು ಸಲ ಅಳೆದು ಕಳೆದರೆ ಉಪಕರಣದ ಎಷ್ಟೋ ಸ್ಥಿರವಾದ ತಪ್ಪುಗಳು ಎರಡರಲ್ಲೂ ಒಂದೇ ಆಗಿ ಕಳೆದುಹೋಗುತ್ತವೆ. ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯ ಕಥೆ ಗೊತ್ತಲ್ವಾ? ಪರೀಕ್ಷಿಸುವ ಉಪಕರಣದಲ್ಲಿ ಒಂದು ಲೆನ್ಸ್ 1.3 ಮಿ.ಮೀ. ಜಾಗ ತಪ್ಪಿ ಕೂತಿತ್ತು. ಅದನ್ನೇ ನಂಬಿ ಉಜ್ಜಿದ್ದರಿಂದ ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು) ಜಾಸ್ತಿ ಚಪ್ಪಟೆಯಾಯಿತು. 1990ರಲ್ಲಿ ಹಾರಿಸಿದ ಮೇಲೆ ತಪ್ಪು ಗೊತ್ತಾಗಿ, 1993ರಲ್ಲಿ ಸರಿಪಡಿಸಿದರು. ಅದು ಆಕಾರ ಅಳೆಯುವಾಗ ಆದ ತಪ್ಪು. ಅದೇ ಉಪಕರಣದಲ್ಲಿ ಕನ್ನಡಿ ನಿನ್ನೆಗೂ ಇವತ್ತಿಗೂ ಎಷ್ಟು ಬದಲಾಯಿತು ಅಂತ ನೋಡಿದ್ದರೆ ಉತ್ತರ ಹೆಚ್ಚುಕಡಿಮೆ ಸರಿಯಾಗೇ ಬರುತ್ತಿತ್ತು. ನಿಮಗೆ ಬೇಕಿರುವುದು ಬದಲಾವಣೆ ಮಾತ್ರ ಅನ್ನುವುದಾದರೆ, ಅರ್ಧಕ್ಕರ್ಧ ಖರ್ಚು ಅಲ್ಲೇ ಇಳಿಯಬಹುದು.

ಏನು ನೋಡಿ ಆರಿಸಬೇಕು

ಮೊದಲನೆಯದು ಬದಲಾವಣೆಯ ಗಾತ್ರ. ಇದನ್ನು ಉಪಕರಣ ಹುಡುಕುವ ಮುಂಚೆ ಕಾಗದದ ಮೇಲೆ ಅಂದಾಜು ಮಾಡಬೇಕು. ಉದಾಹರಣೆಗೆ, 300 ಮಿ.ಮೀ. ಉದ್ದದ ಮಾಮೂಲಿ ಗಾಜಿನ ಕನ್ನಡಿಯನ್ನು ಅಲ್ಯೂಮಿನಿಯಂ ಪ್ಲೇಟಿಗೆ ಅಂಟಿಸಿದ್ದೀರಿ ಅನ್ನಿ. ಒಂದು ಡಿಗ್ರಿಗೆ ಅಲ್ಯೂಮಿನಿಯಂ ಪ್ರತಿ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಗಾಜು ಸುಮಾರು 9. ಬೆಳಗಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿದರೆ ಎರಡರ ಉದ್ದದಲ್ಲಿ 42 ಮೈಕ್ರಾನ್ ವ್ಯತ್ಯಾಸ. ಅಂಟು ಬಿಡದಿದ್ದರೆ ಇಡೀ ಜೋಡಿ ಬಾಗಲೇಬೇಕು. ಇಷ್ಟು ದೊಡ್ಡ ಬಾಗುವಿಕೆ ನೋಡಲು ನ್ಯಾನೋಮೀಟರ್ (ಮೈಕ್ರಾನಿನ ಸಾವಿರದಲ್ಲೊಂದು) ಅಳೆಯುವ ಯಂತ್ರ ಬೇಡವೇ ಬೇಡ.

ಎರಡನೆಯದು, ನಿಮಗೆ ಎತ್ತರ ಬೇಕೋ, ಇಳಿಜಾರು ಬೇಕೋ. ಸೋಲಾರ್ ಡಿಶ್‌ನವರಿಗೆ ಇಳಿಜಾರೇ ಮುಖ್ಯ. ಕನ್ನಡಿಯ ಒಂದು ತುಂಡು ಎಷ್ಟು ಓರೆಯಾಯಿತೋ, ಅದರಿಂದ ಹೊರಡುವ ಬೆಳಕು ಅದರ ಎರಡರಷ್ಟು ತಿರುಗುತ್ತದೆ. ಒಂದು ಮಿಲಿರೇಡಿಯನ್ ಅಂದರೆ ಮೀಟರಿಗೆ ಒಂದು ಮಿ.ಮೀ. ಓರೆ. 5 ಮಿಲಿರೇಡಿಯನ್ ಓರೆಯಾದರೆ ಒಂದು ಮೀಟರ್ ದೂರದಲ್ಲಿ ಬಿಸಿಲಿನ ಚುಕ್ಕೆ 10 ಮಿ.ಮೀ. ಸರಿಯುತ್ತದೆ. ಮೋಲ್ಡ್ ಮಾಡುವವರಿಗೆ ಬೇಕಾಗುವುದು ಎತ್ತರ. ಇಳಿಜಾರು ಅಳೆಯುವ ವಿಧಾನದಿಂದ ಎತ್ತರ ತೆಗೆಯಬಹುದು, ಲೆಕ್ಕ ಹಾಕಿ ಕೂಡಿಸುತ್ತಾ ಹೋಗಬೇಕು. ಕೂಡಿಸುವಾಗ ಸಣ್ಣ ತಪ್ಪುಗಳೂ ಕೂಡುತ್ತವೆ. ಚಿಕ್ಕ ಉಬ್ಬು ತಗ್ಗು ಚೆನ್ನಾಗಿ ಬರುತ್ತದೆ, ಇಡೀ ಮೇಲ್ಮೈಯ ನಿಧಾನವಾದ ಬಾಗು ಅಷ್ಟು ನಂಬಿಕೆಯಿಂದ ಬರುವುದಿಲ್ಲ.

ಆಮೇಲೆ ಕನ್ನಡಿಯ ಅಳತೆ ಮತ್ತು ಅದು ತಗ್ಗೋ, ಉಬ್ಬೋ, ಸಪಾಟೋ ಅನ್ನೋದು. ಎಷ್ಟು ಬೇಗ ಬದಲಾಗುತ್ತೆ ಅನ್ನೋದೂ ಮುಖ್ಯ. ಕೊನೆಗೆ ಜಾಗ. ಪಕ್ಕದಲ್ಲಿ ಗ್ರೈಂಡರ್ ಓಡುತ್ತಾ ಇದ್ದರೆ, ಮೇಲೆ ಫ್ಯಾನ್ ತಿರುಗುತ್ತಾ ಇದ್ದರೆ ಕೆಲವು ಉಪಕರಣಗಳು ಅಲ್ಲಿ ಬದುಕುವುದೇ ಇಲ್ಲ.

ಮಾನಿಟರ್ ಮತ್ತು ಕ್ಯಾಮೆರಾ: ಹೆಚ್ಚಿನವರಿಗೆ ಇದೇ ಸಾಕು

ಇದಕ್ಕೆ ಡಿಫ್ಲೆಕ್ಟೋಮೆಟ್ರಿ ಅಂತಾರೆ. ಬಿ.ಎಸ್‌ಸಿ. ಫಿಸಿಕ್ಸ್ ಲ್ಯಾಬ್‌ನಲ್ಲಿ ಕೋನಿಗ್ ವಿಧಾನದಿಂದ ಯಂಗ್ಸ್ ಮಾಡ್ಯುಲಸ್ ತೆಗೆದವರಿಗೆ ಇದರ ಅರ್ಧ ಆಗಲೇ ಗೊತ್ತು. ಅಲ್ಲಿ ಪಟ್ಟಿಯ ಎರಡು ತುದಿಗೆ ಕನ್ನಡಿ ಇಟ್ಟು, ಮಧ್ಯದಲ್ಲಿ ತೂಕ ನೇತುಹಾಕಿ, ಕನ್ನಡಿಯಲ್ಲಿ ಕಾಣುವ ಸ್ಕೇಲ್ ಎಷ್ಟು ಸರಿಯಿತು ಅಂತ ಟೆಲಿಸ್ಕೋಪಿನಲ್ಲಿ ಓದುತ್ತೇವೆ. ಇಲ್ಲಿ ಸ್ಕೇಲಿನ ಜಾಗದಲ್ಲಿ ಮಾನಿಟರ್, ಕಣ್ಣಿನ ಜಾಗದಲ್ಲಿ ಕ್ಯಾಮೆರಾ. ಒಂದೆರಡು ಕಡೆ ಓದುವ ಬದಲು ಕ್ಯಾಮೆರಾದ ಲಕ್ಷಾಂತರ ಪಿಕ್ಸೆಲ್‌ಗಳಲ್ಲಿ ಒಟ್ಟಿಗೆ ಓದುತ್ತೇವೆ.

ಮಾನಿಟರ್ ಮೇಲೆ ಕಪ್ಪಿನಿಂದ ಬಿಳಿಗೆ ನಿಧಾನವಾಗಿ ಏರಿಳಿಯುವ ಪಟ್ಟೆಗಳನ್ನು ತೋರಿಸುತ್ತೇವೆ. ಕ್ಯಾಮೆರಾ ಅವುಗಳನ್ನು ಕನ್ನಡಿಯ ಒಳಗೆ ನೋಡುತ್ತದೆ. ಪಟ್ಟೆಯನ್ನು ಕಾಲು ಕಾಲು ಸರಿಸುತ್ತಾ ನಾಲ್ಕು ಚಿತ್ರ ತೆಗೆದರೆ, ಪ್ರತಿ ಪಿಕ್ಸೆಲ್‌ಗೆ ಮಾನಿಟರಿನ ಯಾವ ಜಾಗ ಕಾಣುತ್ತಿದೆ ಅಂತ ಲೆಕ್ಕ ಹಾಕಬಹುದು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು. ಕನ್ನಡಿ ಬಾಗಿದ ಮೇಲೆ ಮತ್ತೆ ಎಂಟು. ಎರಡರ ವ್ಯತ್ಯಾಸವೇ ಇಳಿಜಾರಿನ ಬದಲಾವಣೆ.

ಎಷ್ಟು ಸೂಕ್ಷ್ಮ ಅನ್ನೋದನ್ನು ನೀವೇ ಲೆಕ್ಕ ಹಾಕಿ. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಒಂದು ಪಿಕ್ಸೆಲ್ ಸುಮಾರು 0.28 ಮಿ.ಮೀ. 16 ಪಿಕ್ಸೆಲ್ಲಿಗೆ ಒಂದು ಪಟ್ಟೆ ಅಂದರೆ 4.4 ಮಿ.ಮೀ. ಅದರ ನೂರನೇ ಒಂದು ಭಾಗ ಗುರುತಿಸಿದರೆ 0.044 ಮಿ.ಮೀ. ಮಾನಿಟರ್ ಒಂದು ಮೀಟರ್ ದೂರದಲ್ಲಿದ್ದರೆ ಅದು ಕನ್ನಡಿಯ 22 ಮೈಕ್ರೋರೇಡಿಯನ್ ಇಳಿಜಾರು. ಒಂದು ಸೆಂಟಿಮೀಟರ್ ಅಗಲದ ಜಾಗದಲ್ಲಿ ಅದು 0.22 ಮೈಕ್ರಾನ್ ಎತ್ತರಕ್ಕೆ ಸಮ. ಆಫೀಸಿನ ಮಾನಿಟರ್ ಒಂದರಿಂದ ಇಷ್ಟು ಸಿಗುವುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಇದು ಬರೀ ಕಾಲೇಜು ಪ್ರಯೋಗವೂ ಅಲ್ಲ. ಅರಿಜೋನಾ ವಿಶ್ವವಿದ್ಯಾಲಯದವರು 8.4 ಮೀಟರ್ ಅಗಲದ ದೂರದರ್ಶಕ ಕನ್ನಡಿಯನ್ನೂ ಇದೇ ತತ್ವದಿಂದ ಪರೀಕ್ಷಿಸಿದ್ದಾರೆ. ಅಮೆರಿಕದ ಸ್ಯಾಂಡಿಯಾ ಲ್ಯಾಬ್‌ನವರು ಸೌರ ಕನ್ನಡಿಗಳಿಗೆ ಬಳಸುತ್ತಾರೆ.

ಕೆಲವು ವಿಷಯಗಳಲ್ಲಿ ಮಾತ್ರ ಎಚ್ಚರ ಬೇಕು. ಫೋಕಸ್ ಕನ್ನಡಿಯ ಮೇಲ್ಮೈ ಮೇಲಿರಲಿ, ಪಟ್ಟೆಯ ಮೇಲೆ ಬೇಡ. ಪಟ್ಟೆ ಮಸುಕಾಗುತ್ತೆ ಅಂತ ಹೆದರಬೇಡಿ. ನಯವಾಗಿ ಏರಿಳಿಯುವ ಪಟ್ಟೆ ಮಸುಕಾದರೂ ಅದೇ ರೂಪದಲ್ಲಿರುತ್ತದೆ, ಕಪ್ಪು ಬಿಳಿಯ ವ್ಯತ್ಯಾಸ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಮಾನಿಟರ್ ಅರ್ಧ ಗಂಟೆ ಉರಿದು ಸ್ಥಿರವಾಗಲಿ. ಕನ್ನಡಿಯ ಪಕ್ಕದಲ್ಲಿ, ಅದೇ ಸ್ಟ್ಯಾಂಡ್ ಮೇಲೆ, ಯಾವ ಭಾರವೂ ಬೀಳದ ಇನ್ನೊಂದು ಚಿಕ್ಕ ಕನ್ನಡಿ ಇಡಿ. ಅದರಲ್ಲೂ ಬದಲಾವಣೆ ಕಂಡರೆ ಅಲುಗಿದ್ದು ಸ್ಟ್ಯಾಂಡ್, ಬಾಗಿದ್ದು ಕನ್ನಡಿ ಅಲ್ಲ. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ತುಂಡು ಇದಕ್ಕೆ ಒಳ್ಳೆಯ ತಳ.

ಇದರ ದೊಡ್ಡ ಮಿತಿ ಪರದೆಯ ಅಗಲ. ತಗ್ಗು ಕನ್ನಡಿಯಾದರೆ ಕ್ಯಾಮೆರಾ ಮತ್ತು ಮಾನಿಟರನ್ನು ಅದರ ವಕ್ರತಾ ಕೇಂದ್ರದ ಹತ್ತಿರ ಇಟ್ಟರೆ ಸಣ್ಣ ಪರದೆಯೇ ಇಡೀ ಕನ್ನಡಿಯನ್ನು ತುಂಬುತ್ತದೆ. ಸಪಾಟು ಕನ್ನಡಿಗೆ, ಕ್ಯಾಮೆರಾ ಮತ್ತು ಪರದೆ ಒಂದೇ ದೂರದಲ್ಲಿದ್ದರೆ, ಪರದೆ ಕನ್ನಡಿಯ ಎರಡರಷ್ಟು ಅಗಲ ಬೇಕು. ಅಂದರೆ 24 ಇಂಚಿನ ಮಾನಿಟರಿಗೆ ಹೆಚ್ಚೆಂದರೆ 26 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಕನ್ನಡಿ. ಉಬ್ಬು ಕನ್ನಡಿಗೆ ಇನ್ನೂ ದೊಡ್ಡದು ಬೇಕು. ಪ್ರೊಜೆಕ್ಟರ್ ಇಟ್ಟು ಬಿಳಿ ಗೋಡೆಯನ್ನೇ ಪರದೆ ಮಾಡಿಕೊಳ್ಳಬಹುದು, ಆದರೆ ಗೋಡೆಯ ಸೊಟ್ಟ ಪಟ್ಟ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕೊರತೆ ಇದೆ. ಇಡೀ ಕನ್ನಡಿ ಬಾಗದೆ ಹಾಗೇ ಹಿಂದೆ ಮುಂದೆ ಸರಿದರೆ ಈ ವಿಧಾನಕ್ಕೆ ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅದು ಬೇಕಿದ್ದರೆ ಹಿಂಬದಿಗೆ ಒಂದು ಡಯಲ್ ಗೇಜ್ ಇಡಿ.

ಖರ್ಚು? ಮನೆಯಲ್ಲಿರುವ ಮಾನಿಟರ್, ಕೈಯಾರೆ ಎಲ್ಲಾ ಸೆಟ್ಟಿಂಗ್ ಹಾಕಬಹುದಾದ ಕ್ಯಾಮೆರಾ, ಪೈಥಾನ್ ಬಲ್ಲ ಒಬ್ಬರು ಇದ್ದರೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಖರ್ಚಾಗುವುದು ಸಮಯ. ಕ್ಯಾಮೆರಾ, ಪರದೆ ಎಲ್ಲಿವೆ ಅನ್ನೋದನ್ನು ಕ್ಯಾಲಿಬ್ರೇಟ್ ಮಾಡುವುದೇ ಇದರಲ್ಲಿ ಕಷ್ಟದ ಕೆಲಸ. ಬದಲಾವಣೆ ಮಾತ್ರ ಸಾಕು ಅನ್ನುವವರಿಗೆ ಅದೂ ಒರಟಾಗಿ ಮಾಡಿದರೆ ನಡೆಯುತ್ತದೆ.

ಚಾಕುವಿನ ಅಂಚು ಮತ್ತು ರೋಂಕಿ ಜಾಲರಿ

ದೂರದರ್ಶಕದ ಕನ್ನಡಿ ಉಜ್ಜುವವರಿಗೆ ಇವೆರಡೂ ಕೈಗೆ ಹತ್ತಿರದವು. ಫ್ರಾನ್ಸಿನ ಲಿಯಾನ್ ಫುಕೋ 1850ರ ದಶಕದ ಕೊನೆಯಲ್ಲಿ ಕೊಟ್ಟ ಉಪಾಯ ಇವತ್ತಿಗೂ ಹಾಗೇ ನಡೆಯುತ್ತಿದೆ. ಕನ್ನಡಿಯ ವಕ್ರತಾ ಕೇಂದ್ರದಲ್ಲಿ ಸಣ್ಣ ಬೆಳಕಿನ ಚುಕ್ಕೆ, ಅದು ಮರಳಿ ಬಂದು ಕೂಡುವ ಜಾಗದಲ್ಲಿ ಒಂದು ಬ್ಲೇಡಿನ ಅಂಚು. ಬೆಳಕನ್ನು ಅರ್ಧ ಕತ್ತರಿಸಿದಾಗ ಕನ್ನಡಿಯ ಉಬ್ಬು ತಗ್ಗೆಲ್ಲ ನೆರಳಾಗಿ ಎದ್ದು ಕಾಣುತ್ತದೆ. ಹೆಬ್ಬೆರಳನ್ನು ಕನ್ನಡಿಗೆ ಕೆಲವು ಸೆಕೆಂಡು ಒತ್ತಿ ತೆಗೆದರೆ, ಆ ಬಿಸಿಗೆ ಎದ್ದ ಉಬ್ಬು ಕಾಣುತ್ತದೆ, ಆಮೇಲೆ ನಿಧಾನವಾಗಿ ಇಳಿಯುವುದೂ ಕಾಣುತ್ತದೆ. ಎಲ್‌ಇಡಿ, ಬ್ಲೇಡು, ತಿರುಗಿಸಿದರೆ ಸರಿಯುವ ಒಂದು ಸ್ಟ್ಯಾಂಡ್. ಕೆಲವು ನೂರು ರೂಪಾಯಿ ಸಾಕು.

ತೊಂದರೆ ಅಂದರೆ ಇದು ಕಣ್ಣಿಗೆ ತೋರಿಸುತ್ತದೆ, ಅಂಕಿ ಕೊಡಲು ಸತಾಯಿಸುತ್ತದೆ. ಬ್ಲೇಡಿನ ಜಾಗದಲ್ಲಿ ರೋಂಕಿ ಜಾಲರಿ, ಅಂದರೆ ಒತ್ತೊತ್ತಾಗಿ ನೇರ ಗೆರೆಗಳಿರುವ ಪಟ್ಟಿ, ಇಟ್ಟರೆ ನೆರಳಿನ ಬದಲು ಗೆರೆಗಳು ಕಾಣುತ್ತವೆ. ಗೆರೆ ಬಾಗಿದರೆ ಮೇಲ್ಮೈ ಬಾಗಿದೆ. ಬೇಗ ನೋಡಿ ಬೇಗ ನಿರ್ಧರಿಸಲು ಒಳ್ಳೆಯದು, ಸೂಕ್ಷ್ಮತೆ ಬ್ಲೇಡಿಗಿಂತ ಕಡಿಮೆ. ಎರಡೂ ತಗ್ಗು ಕನ್ನಡಿಗೆ ನೇರವಾಗಿ ಕೆಲಸ ಮಾಡುತ್ತವೆ. ಸಪಾಟು ಕನ್ನಡಿಗೆ ಜೊತೆಗೆ ಇನ್ನೊಂದು ಒಳ್ಳೆಯ ಗೋಳ ಕನ್ನಡಿ ಬೇಕು.

ಇಂಟರ್‌ಫೆರೋಮೀಟರ್: ಯಾವಾಗ ನಿಜವಾಗಿ ಬೇಕು

ಇದು ಕನ್ನಡಿಯಿಂದ ಮರಳಿದ ಬೆಳಕನ್ನು ಒಂದು ರೆಫರೆನ್ಸ್ ಗಾಜಿನಿಂದ ಮರಳಿದ ಬೆಳಕಿನ ಜೊತೆ ಕೂಡಿಸುತ್ತದೆ, ಎರಡೂ ಕೂಡಿದಾಗ ಕಪ್ಪು ಬಿಳಿ ಪಟ್ಟೆಗಳು ಮೂಡುತ್ತವೆ. ಹೀಲಿಯಂ ನಿಯಾನ್ ಲೇಸರಿನ ತರಂಗದ ಉದ್ದ 633 ನ್ಯಾನೋಮೀಟರ್. ಫಿಜೋ ಅನ್ನುವ ಮಾದರಿಯ ಇಂಟರ್‌ಫೆರೋಮೀಟರಿನಲ್ಲಿ ಒಂದು ಪಟ್ಟೆ ಅಂದರೆ ಮೇಲ್ಮೈ ಎತ್ತರದಲ್ಲಿ ಅದರ ಅರ್ಧ, ಸುಮಾರು 316 ನ್ಯಾನೋಮೀಟರ್ ವ್ಯತ್ಯಾಸ. ಪಟ್ಟೆಯ ನೂರನೇ ಭಾಗ ಗುರುತಿಸಿದರೆ ಮೂರು ನ್ಯಾನೋಮೀಟರ್. ಎತ್ತರವನ್ನೇ ನೇರವಾಗಿ ಕೊಡುತ್ತದೆ, ಇಳಿಜಾರಿನಿಂದ ಕೂಡಿಸುವ ಗೋಜಿಲ್ಲ. ಇಷ್ಟು ಸೂಕ್ಷ್ಮತೆ ಯಾರಿಗೆ ಬೇಕು ಅಂತ ಒಂದು ಅಂದಾಜು ಕೊಡುತ್ತೇನೆ. 150 ಮಿ.ಮೀ. ಅಗಲ, 1200 ಮಿ.ಮೀ. ಫೋಕಲ್ ಉದ್ದದ ದೂರದರ್ಶಕ ಕನ್ನಡಿಯಲ್ಲಿ ಗೋಳದ ಆಕಾರಕ್ಕೂ ಬೇಕಾದ ಪ್ಯಾರಾಬೊಲ ಆಕಾರಕ್ಕೂ ಅಂಚಿನಲ್ಲಿ ಇರುವ ವ್ಯತ್ಯಾಸವೇ 0.29 ಮೈಕ್ರಾನ್. ಅಂಥ ಕನ್ನಡಿಯ ಹಿಂದಿನ ಕ್ಲಿಪ್ ಬಿಗಿಯಾದಾಗ ಏನಾಗುತ್ತೆ ಅಂತ ಅಂಕಿಯಲ್ಲೇ ಬೇಕಿದ್ದರೆ ಇದೇ ಸರಿ.

ಆದರೆ ಇದು ಸೂಕ್ಷ್ಮವಾದಷ್ಟೂ ಜಾಗಕ್ಕೆ ಕಟ್ಟುಬೀಳುತ್ತದೆ. ಗಾಳಿಯ ಬಿಸಿ ಒಂದು ಡಿಗ್ರಿ ಬದಲಾದರೆ ಒಂದು ಮೀಟರ್ ದಾರಿಯಲ್ಲಿ ಬೆಳಕಿನ ಹಾದಿ ಸುಮಾರು ಒಂದು ಮೈಕ್ರಾನ್ ಬದಲಾಗುತ್ತದೆ. ಹೋಗಿ ಬರುವುದು ಸೇರಿ ಎರಡು. ಗಾಳಿ ಎಲ್ಲಾ ಕಡೆ ಒಂದೇ ಥರ ಬಿಸಿಯಾದರೆ ತೊಂದರೆ ಇಲ್ಲ, ಕಿಟಕಿಯಿಂದ ಬಿಸಿ ಗಾಳಿ ಎಳೆ ಎಳೆಯಾಗಿ ಬಂದರೆ ಅದೇ ಕನ್ನಡಿಯ ಬಾಗುವಿಕೆಯ ಹಾಗೆ ಕಾಣುತ್ತದೆ. ಪಕ್ಕದ ಶೆಡ್‌ನಲ್ಲಿ ಪ್ರೆಸ್ ಬಡಿಯುತ್ತಿದ್ದರೆ ಪಟ್ಟೆ ನಿಲ್ಲುವುದೇ ಇಲ್ಲ. ಅದುರುವಿಕೆ ತಡೆಯುವ ಮೇಜು, ಮುಚ್ಚಿದ ಕೋಣೆ ಎಲ್ಲಾ ಸೇರಿ ಕಾರ್ಖಾನೆಯಲ್ಲಿ ಮಾಡಿದ ಫಿಜೋ ಉಪಕರಣ ಹತ್ತಾರು ಲಕ್ಷದ ಮಾತು. ಪಟ್ಟೆಯನ್ನು ಸರಿಸಿ ಸರಿಸಿ ತೆಗೆಯುವ ಚಿತ್ರಗಳನ್ನೆಲ್ಲ ಒಂದೇ ಕ್ಷಣದಲ್ಲಿ ಹಿಡಿಯುವ ಮಾದರಿಗಳು ಅದುರುವಿಕೆ ತಡೆದುಕೊಳ್ಳುತ್ತವೆ, ಬೆಲೆ ಇನ್ನೂ ಜಾಸ್ತಿ.

ಮೇಲ್ಮೈ ಜಾಸ್ತಿ ಬಾಗಿದ್ದರೆ ಪಟ್ಟೆಗಳು ಒತ್ತಾಗಿ ಕ್ಯಾಮೆರಾಗೆ ಬಿಡಿಸಿ ನೋಡಲು ಆಗದ ಸ್ಥಿತಿ ಬರುತ್ತದೆ. ಮಿರರ್ ಫಿನಿಶ್ ಸ್ಟೀಲ್ ತಗಡು ಕಣ್ಣಿಗೆ ಎಷ್ಟೇ ಹೊಳೆದರೂ ಅದರ ಅಲೆಗಳು ಈ ಉಪಕರಣಕ್ಕೆ ಬೆಟ್ಟದಷ್ಟು. ವರ್ಕ್‌ಶಾಪ್‌ನವರು ಇದನ್ನು ಕೊಳ್ಳುವುದು ಬೇಡ.

ಕಡಿಮೆ ದುಡ್ಡಿನಲ್ಲಿ ಒಂದು ದಾರಿ ಇದೆ. ಬಾತ್ ಇಂಟರ್‌ಫೆರೋಮೀಟರ್ ಅಂತ. ಒಂದು ಲೇಸರ್ ಡಯೋಡ್, ಬೆಳಕು ಒಡೆಯುವ ಗಾಜಿನ ಕ್ಯೂಬ್, ಒಂದು ಪುಟ್ಟ ಲೆನ್ಸ್, ಒಂದು ಸಣ್ಣ ಕನ್ನಡಿ. ದೊಡ್ಡ ರೆಫರೆನ್ಸ್ ಗಾಜು ಬೇಕಿಲ್ಲ. ತಗ್ಗು ಕನ್ನಡಿಗೆ ಮಾತ್ರ ಅನುಕೂಲ. ಹವ್ಯಾಸಿ ದೂರದರ್ಶಕ ತಯಾರಕರು ಜಗತ್ತಿನಾದ್ಯಂತ ಬಳಸುತ್ತಾರೆ, ಪಟ್ಟೆ ಬಿಡಿಸುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಜೋಡಿಸಲು ತಾಳ್ಮೆ ಬೇಕು. ಮೈಸೂರಿನ ಹವ್ಯಾಸಿಗಳಿಗೆ ನನ್ನ ಶಿಫಾರಸು ಬ್ಲೇಡು ಮೊದಲು, ಆಮೇಲೆ ಬಾತ್. ಲೇಸರ್ ಎಷ್ಟೇ ಚಿಕ್ಕದಿರಲಿ, ಕಣ್ಣಿಟ್ಟು ನೋಡಬೇಡಿ, ಕ್ಯಾಮೆರಾ ಇಟ್ಟು ನೋಡಿ.

ಉಳಿದವು

ಶ್ಯಾಕ್ ಹಾರ್ಟ್‌ಮನ್ ಸೆನ್ಸರ್ ಅಂದರೆ ಕ್ಯಾಮೆರಾ ಮುಂದೆ ಪುಟ್ಟ ಲೆನ್ಸುಗಳ ಸಾಲು. ಪ್ರತಿ ಲೆನ್ಸಿನ ಚುಕ್ಕೆ ಎಷ್ಟು ಸರಿಯಿತು ಅನ್ನೋದು ಆ ಜಾಗದ ಇಳಿಜಾರು. ಒಂದೇ ಫೋಟೋದಲ್ಲಿ ಕೆಲಸ ಮುಗಿಯುತ್ತದೆ, ಅದಕ್ಕೇ ಕನ್ನಡಿ ಸೆಕೆಂಡಿಗೆ ನೂರಾರು ಸಲ ಅದುರುವುದನ್ನು ನೋಡಬೇಕಾದವರಿಗೆ ಇದು ಬೇಕು. ಲೆನ್ಸ್ ಎಷ್ಟಿವೆಯೋ ಅಷ್ಟೇ ಬಿಂದುಗಳು, ಹಾಗಾಗಿ ಸಣ್ಣ ವಿವರ ಸಿಗುವುದಿಲ್ಲ. ನಿಧಾನವಾಗಿ ಬಾಗುವ ವಸ್ತುವಿಗೆ ಸುಮ್ನೆ ಖರ್ಚು.

ಬಿಳಿ ಪುಡಿ ಸ್ಪ್ರೇ ಹೊಡೆದು ಸ್ಕ್ಯಾನರ್‌ನಿಂದ ಅಳೆಯುವುದನ್ನು ಹಲವರು ಕೇಳುತ್ತಾರೆ. ಪುಡಿಯ ಪದರವೇ ಕೆಲವು ಮೈಕ್ರಾನ್ ದಪ್ಪ, ಅದೂ ಒಂದೇ ಸಮ ಇರುವುದಿಲ್ಲ. ತಗಡು 0.1 ಮಿ.ಮೀ.ಗಿಂತ ಜಾಸ್ತಿ ಬಾಗುವ ಕೆಲಸವಾದರೆ ನಡೆಯುತ್ತದೆ. ಒಂದೇ ಸಲ ಹೊಡೆದು, ಬಾಗುವ ಮೊದಲು ಮತ್ತು ನಂತರ ಎರಡೂ ಸ್ಕ್ಯಾನ್ ಅದೇ ಪದರದ ಮೇಲೆ ಮಾಡಿ. ಅಲ್ಯೂಮಿನಿಯಂ ಲೇಪ ಇರುವ ಕನ್ನಡಿಗೆ ಮಾತ್ರ ಇದನ್ನು ಮುಟ್ಟಿಸಬೇಡಿ, ಒರೆಸುವಾಗ ಗೀರು ಬೀಳುತ್ತದೆ.

ಇನ್ನು ಲೇಸರ್ ಪಾಯಿಂಟರ್ ಮತ್ತು ಗೋಡೆ. ಕನ್ನಡಿಯ ಒಂದೇ ಜಾಗ ಎಷ್ಟು ಓರೆಯಾಗುತ್ತೆ ಅಂತ ಗೊತ್ತಾದರೆ ಸಾಕು ಅನ್ನುವವರಿಗೆ ಇದಕ್ಕಿಂತ ಅಗ್ಗ ಇನ್ನೊಂದಿಲ್ಲ. 5 ಮೀಟರ್ ದೂರದ ಗೋಡೆಯಲ್ಲಿ ಚುಕ್ಕೆ 1 ಮಿ.ಮೀ. ಸರಿದರೆ ಕನ್ನಡಿ 0.1 ಮಿಲಿರೇಡಿಯನ್ ಓರೆಯಾಗಿದೆ.

ನಿಮ್ಮ ಕೆಲಸಕ್ಕೆ ಯಾವುದು

ಸೋಲಾರ್ ಡಿಶ್‌ನವರು ಯೋಚನೆ ಮಾಡುವುದೇ ಬೇಡ, ಮಾನಿಟರ್ ಮತ್ತು ಕ್ಯಾಮೆರಾ. ನಿಮ್ಮ ಮೇಲ್ಮೈ ತಗ್ಗು, ಬೇಕಿರುವುದು ಇಳಿಜಾರು, ಒಂದು ಮಿಲಿರೇಡಿಯನ್ ಗೊತ್ತಾದರೆ ಬೇಕಾದಷ್ಟಾಯಿತು. ಡಿಶ್ ಸಣ್ಣ ಸಣ್ಣ ಸಪಾಟು ತುಂಡುಗಳಿಂದ ಆಗಿದ್ದರೆ ಪ್ರತಿ ತುಂಡನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು, ಎರಡು ತುಂಡಿನ ನಡುವೆ ಎತ್ತರ ಕೂಡಿಸಲು ಹೋಗಬೇಡಿ. ಹಗಲು ಬಯಲಲ್ಲಿ ಪಟ್ಟೆ ಕಾಣುವುದಿಲ್ಲ, ಸಂಜೆ ಮೇಲೆ ಮಾಡಿ. ಬಿಸಿಲಿನಲ್ಲೇ ಆಗುವ ಬಾಗುವಿಕೆ ಬೇಕಿದ್ದರೆ ಡಿಶ್ಶನ್ನು ಒಳಗೆ ತಂದು ಹೀಟರಿನಿಂದ ಅದೇ ಬಿಸಿ ಕೊಟ್ಟು ನೋಡುವುದು ವಾಸಿ.

ವರ್ಕ್‌ಶಾಪ್‌ನವರಿಗೂ ಅದೇ, ಆದರೆ ಇಲ್ಲಿ ಪರದೆಯ ಅಗಲ ಕಾಡುತ್ತದೆ. ತಗಡು ದೊಡ್ಡದಿದ್ದರೆ 55 ಇಂಚಿನ ಟಿವಿ ಹಾಕಿ. ಪಾಸೋ ಫೇಲೋ ಅಷ್ಟೇ ಬೇಕಿದ್ದರೆ ಅಂಕಿಯೂ ಬೇಡ. ಟ್ಯೂಬ್‌ಲೈಟ್‌ಗಳ ಸಾಲು ತಗಡಿನಲ್ಲಿ ನೆಟ್ಟಗೆ ಕಾಣುತ್ತದೆಯೇ ಅಂತ ನೋಡುವ ಅನುಭವಿ ಕೆಲಸಗಾರರ ಕಣ್ಣು ಮಾಡುವುದೂ ಇದನ್ನೇ. ಅವರ ಕಣ್ಣನ್ನು ಕಡೆಗಣಿಸಬೇಡಿ. ಲೇಪ ಇಲ್ಲದ ಗಾಜು ಅಳೆಯುವವರು ಒಂದು ನೆನಪಿಡಿ. ಗಾಜಿನ ಮುಂದಿನ ಮೇಲ್ಮೈ 4 ಶೇಕಡದಷ್ಟು ಮಾತ್ರ ಬೆಳಕು ಹಿಂದಕ್ಕೆ ಕಳಿಸುತ್ತದೆ, ಹಿಂದಿನ ಮೇಲ್ಮೈಯೂ ಹತ್ತಿರ ಹತ್ತಿರ ಅಷ್ಟೇ. ಎರಡು ಪಟ್ಟೆ ಒಂದರ ಮೇಲೊಂದು ಬೀಳುತ್ತವೆ. ಹಿಂಬದಿಗೆ ಕಪ್ಪು ಪೇಂಟ್ ಬಳಿದರೆ ಬಹುಪಾಲು ಸರಿಹೋಗುತ್ತದೆ.

ದೂರದರ್ಶಕದವರು ಯಾವ ವಿಧಾನ ಹಿಡಿದರೂ ಒಂದು ಪರೀಕ್ಷೆ ಬಿಡಬೇಡಿ. ಕನ್ನಡಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಕಂಡ ದೋಷ ಕನ್ನಡಿಯ ಜೊತೆಗೆ ತಿರುಗಿದರೆ ಅದು ಗಾಜಿನದು. ಇದ್ದಲ್ಲೇ ಇದ್ದರೆ ಸ್ಟ್ಯಾಂಡಿನದೋ ಉಪಕರಣದ್ದೋ. ಉಜ್ಜಿದ ಮೇಲೆ, ತೊಳೆದ ಮೇಲೆ ಕನ್ನಡಿ ಕೋಣೆಯ ಬಿಸಿಗೆ ಬರಲು ಬಿಡಿ. ಬೋರೋಸಿಲಿಕೇಟ್ ಗಾಜು ಡಿಗ್ರಿಗೆ ಪ್ರತಿ ಮೀಟರಿಗೆ 3.3 ಮೈಕ್ರಾನ್ ಮಾತ್ರ ಹಿಗ್ಗುವುದರಿಂದ ಅದಕ್ಕೆ ಕಾಯುವುದು ಕಡಿಮೆ, ಮಾಮೂಲಿ ಗಾಜಿಗೆ ಜಾಸ್ತಿ.

ಇಷ್ಟಾದರೂ ಎರಡು ವಿಧಾನಗಳ ನಡುವೆ ಸಿಕ್ಕಿಹಾಕಿಕೊಂಡಿದ್ದರೆ, ದುಡ್ಡು ಹಾಕುವ ಮೊದಲು ಅಗ್ಗದ್ದನ್ನು ಜೋಡಿಸಿ, ಯಾವುದನ್ನೂ ಬದಲಾಯಿಸದೆ ಎರಡು ಸಲ ಅಳೆದು ಕಳೆಯಿರಿ. ಹತ್ತು ನಿಮಿಷ ಬಿಟ್ಟು ಒಂದು ಸಲ, ನೀವು ನಿಜವಾಗಿ ಕಾಯಬೇಕಾದಷ್ಟು ಹೊತ್ತು ಬಿಟ್ಟು ಇನ್ನೊಂದು ಸಲ. ಏನೂ ಆಗದಿದ್ದಾಗಲೂ ಉಳಿಯುವ ಆ ವ್ಯತ್ಯಾಸವೇ ನಿಮ್ಮ ಜಾಗದಲ್ಲಿ ಆ ವಿಧಾನದ ಮಿತಿ. ಕಾಗದದ ಮೇಲೆ ಅಂದಾಜು ಮಾಡಿದ ಬಾಗುವಿಕೆ ಅದರ ಮೂರರಷ್ಟಾದರೂ ಇದ್ದರೆ ಅಲ್ಲೇ ಮುಂದುವರಿಯಿರಿ. ಇಲ್ಲದಿದ್ದರೆ ಮೊದಲು ಫ್ಯಾನ್ ನಿಲ್ಲಿಸಿ, ತಳ ಗಟ್ಟಿ ಮಾಡಿ, ರಾತ್ರಿ ಹೊತ್ತು ಅಳೆಯಿರಿ. ಆಗಲೂ ಸಾಲದಿದ್ದರೆ ಮಾತ್ರ ದುಬಾರಿ ಉಪಕರಣದ ಕೊಟೇಶನ್ ತರಿಸಿ.